ಒಬ್ಬ ಪತ್ರಕರ್ತ ಬರೆದದ್ದಕ್ಕೆ ಒಂದು ಜೈಲು ಮುಚ್ಚಿತೇ?

ಪ್ರಶ್ನೆ: ‘ಪ್ಯಾಪಿಲಾನ್’ ಓದಿದ ಮೇಲೆ ಫ್ರೆಂಚ್ ಗಯಾನಾದ ಜೈಲಿನ ಬಗ್ಗೆ ಹುಡುಕುತ್ತಿದ್ದೆ. ಆಲ್ಬೆರ್ ಲೋಂದ್ರ್ ಅನ್ನುವ ಪತ್ರಕರ್ತರ ಹೆಸರು ಸಿಕ್ಕಿತು. ಅವರ ಲೇಖನಗಳಿಂದಲೇ ಆ ಜೈಲು ಮುಚ್ಚಿತು ಅಂತಾರೆ. ನಿಜವಾ? ಯಾರು ಇವರು?

ಉತ್ತರ: ಅರ್ಧ ನಿಜ. ಲೋಂದ್ರ್ ಗಯಾನಾಕ್ಕೆ ಹೋಗಿ ಬರೆದದ್ದು 1923ರಲ್ಲಿ. ‘ಪ್ಯಾಪಿಲಾನ್’ ಬರೆದ ಆನ್ರಿ ಶಾರಿಯೇರ್ ಅವರನ್ನು ಹಡಗು ಹತ್ತಿಸಿ ಅಲ್ಲಿಗೆ ಸಾಗಿಸಿದ್ದು 1933ರಲ್ಲಿ. ಹತ್ತು ವರ್ಷ ಕಳೆದರೂ ಕೈದಿಗಳನ್ನು ತುಂಬಿಕೊಂಡ ಹಡಗು ಹೋಗುತ್ತಲೇ ಇತ್ತು. ತೇಜಸ್ವಿ ಮತ್ತು ಪ್ರದೀಪ ಕೆಂಜಿಗೆ ಅವರ ಕೈಯಿಂದ ಕನ್ನಡಕ್ಕೆ ಬಂದ ಆ ಪುಸ್ತಕವೇ ಇದಕ್ಕೆ ಸಾಕ್ಷಿ. ಆದರೂ ಆ ಜೈಲು ಮುಚ್ಚಿದ ಕಥೆಯನ್ನು ಲೋಂದ್ರ್ ಅವರಿಂದಲೇ ಶುರು ಮಾಡಬೇಕು. ಅದು ಯಾಕೆ ಅಂತ ಹೇಳುತ್ತೇನೆ.

ಅವರು ಹುಟ್ಟಿದ್ದು 1884ರಲ್ಲಿ, ವಿಶಿ ಎಂಬ ಊರಿನಲ್ಲಿ. ತಂದೆ ಹಂಡೆ, ಪಾತ್ರೆ ಮಾಡುವ ಕುಶಲಕರ್ಮಿ. ಮಗನಿಗೆ ಕವಿಯಾಗುವ ಆಸೆ. ಲಿಯೋನ್ ನಗರದಲ್ಲಿ ಲೆಕ್ಕ ಬರೆಯುವ ಕೆಲಸ ಮಾಡಿದರು, ಆಮೇಲೆ ಪ್ಯಾರಿಸ್ಸಿಗೆ ಬಂದರು. 1904ರಲ್ಲಿ ಮೊದಲ ಕವನ ಸಂಕಲನ ಬಂತು. ಅದೇ ವರ್ಷ ಮಗಳು ಫ್ಲೋರೀಸ್ ಹುಟ್ಟಿದಳು. ಮರುವರ್ಷವೇ ಆ ಮಗುವಿನ ತಾಯಿ ತೀರಿಕೊಂಡರು. ಹೊಟ್ಟೆಪಾಡಿಗೆ ಲೋಂದ್ರ್ ಪತ್ರಿಕೆ ಸೇರಿದರು. ವರ್ಷಗಟ್ಟಲೆ ಸಂಸತ್ತಿನ ವರದಿ ಬರೆದರೂ ಯಾರಿಗೂ ಅವರ ಹೆಸರು ಗೊತ್ತಿರಲಿಲ್ಲ. 1914ರ ಸೆಪ್ಟೆಂಬರಿನಲ್ಲಿ ಜರ್ಮನ್ ಫಿರಂಗಿಗಳ ದಾಳಿಗೆ ರೀಮ್ಸ್ ನಗರದ ದೊಡ್ಡ ಚರ್ಚು ಹೊತ್ತಿ ಉರಿಯಿತು. ಅದನ್ನು ನೋಡಿ ಅವರು ಬರೆದ ವರದಿಯಿಂದ ಓದುಗರು ಅವರನ್ನು ಗುರುತಿಸತೊಡಗಿದರು.

ಇದಾದ ಮೇಲೆ ಅವರು ಒಂದು ಕಡೆ ನಿಂತವರಲ್ಲ. ಯುದ್ಧ ಮುಗಿದ ಮೇಲೆ, ಇಟಲಿಯ ಜನಕ್ಕೆ ಶಾಂತಿ ಒಪ್ಪಂದ ಸಮಾಧಾನ ತಂದಿಲ್ಲ ಎಂದು ಬರೆದರು. ಫ್ರಾನ್ಸಿನ ಪ್ರಧಾನಿ ಕ್ಲೆಮಾನ್ಸೋ ಹೇಳಿ ಅವರನ್ನು ಕೆಲಸದಿಂದ ತೆಗೆಸಿದರು. 1920ರಲ್ಲಿ ಕ್ರಾಂತಿಯಾದ ರಷ್ಯಾ ನೋಡಿ ಬಂದರು. 1922ರಲ್ಲಿ ಜಪಾನ್, ಚೀನಾ, ಭಾರತ ಸುತ್ತಿದರು. ಇಲ್ಲಿ ಅದು ಗಾಂಧೀಜಿಯ ಅಸಹಕಾರ ಚಳವಳಿಯ ಕಾಲ.

ಈಗ ಗಯಾನಾಕ್ಕೆ ಬರೋಣ. ನಮ್ಮವರನ್ನು ಕರಿನೀರಿನ ಶಿಕ್ಷೆಗೆ ಬ್ರಿಟಿಷರು ಅಂಡಮಾನಿಗೆ ಕಳಿಸುತ್ತಿದ್ದರಲ್ಲ, ಹಾಗೆಯೇ ಫ್ರಾನ್ಸ್ ತನ್ನ ಕೈದಿಗಳನ್ನು 1852ರಿಂದ ದಕ್ಷಿಣ ಅಮೆರಿಕದ ಈ ಕಾಡುಸೀಮೆಗೆ ಸಾಗಿಸುತ್ತಿತ್ತು. ಮಲೇರಿಯಾ, ಹೊಟ್ಟೆಹುಳ, ಬಿಸಿಲು, ಕಾಡು ಕಡಿಯುವ ಕೂಲಿ. ಕತ್ತಲ ಕೋಣೆ ಬೇರೆ. ‘ಲ ಪೆತಿ ಪಾರಿಸಿಯಾಂ’ ಎಂಬ, ಲಕ್ಷಗಟ್ಟಲೆ ಪ್ರತಿ ಮಾರಾಟವಾಗುತ್ತಿದ್ದ ಪತ್ರಿಕೆ ಲೋಂದ್ರ್ ಅವರನ್ನು ಅಲ್ಲಿಗೆ ಕಳಿಸಿತು. ಅವರು ಕೈದಿಗಳ ಜೊತೆ ಕೂತು ಮಾತಾಡಿದರು. ಅವರ ಹೆಸರು ಹಿಡಿದು ಬರೆದರು. ಅಲ್ಲಿಯವರೆಗೆ ಫ್ರಾನ್ಸಿನ ಓದುಗರಿಗೆ ಆ ಜನ ಬರೀ ನಂಬರುಗಳು.

ನನ್ನನ್ನು ಜಾಸ್ತಿ ಕಲಕಿದ್ದು ಹೊಡೆತ, ಸರಪಳಿಯ ವಿವರ ಅಲ್ಲ. ಒಂದು ಕಾನೂನಿನ ವಿವರ. ಎಂಟು ವರ್ಷಕ್ಕಿಂತ ಕಡಿಮೆ ಶಿಕ್ಷೆ ಇದ್ದರೆ, ಅದು ಮುಗಿದ ಮೇಲೆ ಅಷ್ಟೇ ವರ್ಷ ಮತ್ತೆ ಗಯಾನಾದಲ್ಲೇ ಇರಬೇಕು. ಎಂಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಾಯುವವರೆಗೂ ಅಲ್ಲೇ. ಅಂದರೆ ಐದು ವರ್ಷ ಎಂದರೆ ಹತ್ತು ವರ್ಷ, ಎಂಟು ವರ್ಷ ಎಂದರೆ ಇಡೀ ಬದುಕು. ಹೊರಗೆ ಬಂದವನಿಗೆ ಕೆಲಸ ಯಾರು ಕೊಡುತ್ತಾರೆ? ಪುಕ್ಕಟೆ ದುಡಿಯಲು ಕೈದಿಗಳಿರುವಾಗ ಕೂಲಿ ಕೊಟ್ಟು ಬಿಡುಗಡೆಯಾದವನನ್ನು ಯಾರು ಕರೆಯುತ್ತಾರೆ? ಒಳಗಿದ್ದಾಗ ಒಂದು ತುತ್ತು ಊಟ, ಒಂದು ಸೂರು ಇತ್ತು. ಹೊರಗೆ ಅದೂ ಇಲ್ಲ. ಬಿಡುಗಡೆಯಾದ ದಿನವೇ ನಿಜವಾದ ಜೈಲು ಶುರು ಎಂದು ಲೋಂದ್ರ್ ಬರೆದರು. ಕಾನೂನಿನ ಪುಸ್ತಕದಲ್ಲಿ ಇದೆಲ್ಲ ಮೊದಲೇ ಅಚ್ಚಾಗಿತ್ತು, ಯಾರು ಬೇಕಾದರೂ ಓದಬಹುದಿತ್ತು. ಆದರೆ ಬೀದಿಯಲ್ಲಿ ಹಸಿದು ಬಿದ್ದಿರುವ ಮನುಷ್ಯನನ್ನು ತೋರಿಸಿ ಹೇಳಿದಾಗಲೇ ಅದು ಜನಕ್ಕೆ ತಾಕಿತು.

ಸರಣಿಯ ಕೊನೆಗೆ ವಸಾಹತುಗಳ ಸಚಿವ ಆಲ್ಬೆರ್ ಸಾರೋ ಅವರಿಗೆ ಬಹಿರಂಗ ಪತ್ರ ಬರೆದರು. ಗಯಾನಾಕ್ಕೆ ಸಣ್ಣಪುಟ್ಟ ಸುಧಾರಣೆ ಸಾಲದು, ಎಲ್ಲವನ್ನೂ ಬುಡಮೇಲು ಮಾಡಬೇಕು ಎಂಬುದು ಅದರ ಸಾರ. ಸರ್ಕಾರ ಸುಧಾರಣೆಯಷ್ಟನ್ನೇ ಮಾಡಿತು. ಕತ್ತಲ ಕೋಣೆಯಂಥ ಕೆಲವು ಕ್ರೂರ ಶಿಕ್ಷೆಗಳು ಹೋದವು. ಹಡಗು ನಿಲ್ಲಲಿಲ್ಲ. ಮುಂದೆ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆಯ ಶಾರ್ಲ್ ಪೆಯಾಂ ಅಲ್ಲೇ ಹೋಗಿ ಕೈದಿಗಳ ನಡುವೆ ಕೆಲಸ ಮಾಡಿದರು. ಗಯಾನಾದಲ್ಲೇ ಹುಟ್ಟಿ ಸಂಸದರಾದ ಗಾಸ್ತೋಂ ಮೊನೆರ್‌ವೀಲ್ ಸಂಸತ್ತಿನ ಒಳಗೆ ಹೋರಾಡಿದರು. 1938ರಲ್ಲಿ ಹೊಸ ಕೈದಿಗಳನ್ನು ಕಳಿಸುವುದು ಕಾನೂನಿನಿಂದ ನಿಂತಿತು. ಆಮೇಲೆ ಮಹಾಯುದ್ಧ ಬಂತು. ಕೊನೆಯ ಕೈದಿಗಳು ಫ್ರಾನ್ಸಿಗೆ ಮರಳಿದ್ದು 1953ರಲ್ಲಿ. ಲೇಖನ ಬಂದು ಮೂವತ್ತು ವರ್ಷ ಆಗಿತ್ತು. ಹಾಗಾಗಿ ಪೆಯಾಂ ಮತ್ತು ಮೊನೆರ್‌ವೀಲ್ ಅವರನ್ನು ಮರೆತು ಎಲ್ಲವನ್ನೂ ಲೋಂದ್ರ್ ಲೆಕ್ಕಕ್ಕೆ ಬರೆದರೆ ಅದು ಅನ್ಯಾಯ. ಆದರೆ 1923ರ ನಂತರ ‘ನಮಗೆ ಗೊತ್ತಿರಲಿಲ್ಲ’ ಎನ್ನುವ ದಾರಿ ಫ್ರಾನ್ಸಿನಲ್ಲಿ ಯಾರಿಗೂ ಉಳಿಯಲಿಲ್ಲ. ಅದು ಲೋಂದ್ರ್ ಮಾಡಿದ ಕೆಲಸ.

ಗಯಾನಾ ಆದ ಮೇಲೂ ಅವರು ಇಂಥ ಜಾಗಗಳನ್ನೇ ಹುಡುಕಿಕೊಂಡು ಹೋದರು. ಉತ್ತರ ಆಫ್ರಿಕಾದ ಮಿಲಿಟರಿ ಜೈಲು, ಹುಚ್ಚಾಸ್ಪತ್ರೆ, ಹೆಣ್ಣುಮಕ್ಕಳನ್ನು ಬ್ಯೂನಸ್ ಐರಿಸ್‌ಗೆ ಸಾಗಿಸುವ ಜಾಲ. 1924ರ ಟೂರ್ ದ ಫ್ರಾನ್ಸ್ ಸೈಕಲ್ ರೇಸಿನಲ್ಲಿ, ರೇಸು ಬಿಟ್ಟು ಕಾಫಿ ಅಂಗಡಿಯಲ್ಲಿ ಕೂತಿದ್ದ ಪೆಲಿಸಿಯೇ ಸೋದರರು ಅವರ ಮುಂದೆ ಚೀಲ ಬಿಚ್ಚಿದರು. ಕಣ್ಣಿಗೆ ಕೊಕೇನ್, ವಸಡಿಗೆ ಕ್ಲೋರೋಫಾರ್ಮ್, ಜೊತೆಗೆ ಮಾತ್ರೆಗಳು. ದೇಹ ಹಿಂಡುವ ಆ ರೇಸಿನ ಕಥೆಯನ್ನು ಅವರು ಹಾಗೆಯೇ ಬರೆದರು. 1928ರಲ್ಲಿ ಆಫ್ರಿಕಾಕ್ಕೆ ಹೋಗಿ ಕಾಂಗೋ–ಸಾಗರ ರೈಲುಹಾದಿಗಾಗಿ ಸಾಯುತ್ತಿದ್ದ ಕರಿಯ ಕೂಲಿಗಳನ್ನು ನೋಡಿದರು. ನಮ್ಮ ಕೆಲಸ ಯಾರನ್ನೂ ಮೆಚ್ಚಿಸುವುದಲ್ಲ, ಕೆಡುಕು ಮಾಡುವುದೂ ಅಲ್ಲ, ಲೇಖನಿಯನ್ನು ಗಾಯದೊಳಗೆ ಇಡುವುದು ಎಂಬ ಅವರ ಮಾತು ಆ ಪ್ರಯಾಣದ ಬಗ್ಗೆ ಬರೆದ ಪುಸ್ತಕದಲ್ಲಿದೆ. ಫ್ರಾನ್ಸಿನ ಪತ್ರಕರ್ತರು ಇವತ್ತಿಗೂ ಅದನ್ನು ನೆನೆಯುತ್ತಾರೆ.

1932ರ ಮೇ 16ರಂದು, ಚೀನಾದಿಂದ ಮರಳುವಾಗ ‘ಜಾರ್ಜ್ ಫಿಲಿಪಾರ್’ ಹಡಗಿಗೆ ಏಡನ್ ಕೊಲ್ಲಿಯಲ್ಲಿ ಬೆಂಕಿ ಬಿತ್ತು. ಅದರಲ್ಲಿ ಲೋಂದ್ರ್ ತೀರಿಕೊಂಡರು. ಚೀನಾದಲ್ಲಿ ಏನು ಕಂಡುಹಿಡಿದಿದ್ದರೋ, ಅದೂ ಅವರ ಜೊತೆಗೇ ಹೋಯಿತು. ಹಡಗಿನಲ್ಲಿ ಅವರ ಗೆಳೆತನ ಬೆಳೆಸಿದ್ದ ದಂಪತಿ ಬೆಂಕಿಯಿಂದ ಪಾರಾದರು, ಆದರೆ ಊರಿಗೆ ಮರಳುವ ದಾರಿಯಲ್ಲಿ ವಿಮಾನ ಬಿದ್ದು ಅವರೂ ಸತ್ತರು. ಮಗಳು ಫ್ಲೋರೀಸ್ ತಂದೆಯ ಹೆಸರಿನಲ್ಲಿ ಪ್ರಶಸ್ತಿ ಇಟ್ಟಳು. 1933ರಿಂದ ಅದನ್ನು ಫ್ರೆಂಚ್ ಭಾಷೆಯ ಪತ್ರಕರ್ತರಿಗೆ ಕೊಡುತ್ತಿದ್ದಾರೆ.

ನಿಮ್ಮ ಪ್ರಶ್ನೆಗೆ ಇನ್ನೊಂದು ಉತ್ತರವೂ ಇದೆ. ಗಯಾನಾದಲ್ಲಿ ಲೋಂದ್ರ್ ಭೇಟಿಯಾದ ಕೈದಿಗಳಲ್ಲಿ ಎಜೆನ್ ದ್ಯೂದೊನ್ನೆ ಒಬ್ಬರು. ಬೊನ್ನೋ ಎಂಬ ದರೋಡೆ ಗುಂಪಿನ ಜೊತೆ ಸೇರಿಸಿ 1913ರಲ್ಲಿ ಅವರಿಗೆ ಮರಣದಂಡನೆ ಕೊಟ್ಟಿದ್ದರು. ಆಮೇಲೆ ಅದನ್ನು ಜೀವಾವಧಿ ಕರಿನೀರು ಮಾಡಿದರು. ತಾನು ನಿರಪರಾಧಿ ಎಂದು ಅವರು ಹೇಳುತ್ತಲೇ ಇದ್ದರು, ಲೋಂದ್ರ್ ಅದನ್ನು ನಂಬಿದರು. ಮುಂದೆ ದ್ಯೂದೊನ್ನೆ ತಪ್ಪಿಸಿಕೊಂಡು ಬ್ರೆಜಿಲ್ ಸೇರಿದಾಗ, ಲೋಂದ್ರ್ 1927ರಲ್ಲಿ ಅಲ್ಲಿಗೇ ಹೋದರು. ಪತ್ರಿಕೆಯಲ್ಲಿ ಅವರ ಪರ ಬರೆದು, ಕ್ಷಮಾದಾನ ಕೊಡಿಸಿ, ಫ್ರಾನ್ಸಿಗೆ ಕರೆತಂದರು. ದ್ಯೂದೊನ್ನೆ ಕಸುಬಿನಲ್ಲಿ ಬಡಗಿ. ಪ್ಯಾರಿಸ್ಸಿನಲ್ಲಿ ಮರಗೆಲಸದವರ ಬೀದಿಯಾದ ಫೋಬೂರ್ ಸ್ಯಾಂತಾಂತ್ವಾನ್‌ನಲ್ಲಿ ಮತ್ತೆ ಉಳಿ ಹಿಡಿದು ಪೀಠೋಪಕರಣ ಮಾಡತೊಡಗಿದರು.