ಗಾಳಿ ಬೀಸಿದ ಚಕ್ರ, ಎಣ್ಣೆ ಹಿಂಡಿದ ಗಾಣ

ಚಿತ್ರದುರ್ಗದ ಕೋಟೆ ನೋಡಿದವರು ತಗ್ಗಿನಲ್ಲಿ ಕುಳಿತಿರುವ ಆ ನಾಲ್ಕು ದೈತ್ಯ ಬೀಸುವ ಕಲ್ಲುಗಳನ್ನು ಮರೆಯಲಾರರು. ಸಿಡಿಮದ್ದು ಅರೆಯಲು ಇವನ್ನು ಆನೆಗಳೋ ಕೋಣಗಳೋ ತಿರುಗಿಸುತ್ತಿದ್ದವು ಎನ್ನುತ್ತಾರೆ ಗೈಡ್‌ಗಳು. ಯಾವ ಪ್ರಾಣಿಯೇ ಆಗಲಿ, ಸುತ್ತಿದ್ದಕ್ಕೆ ಮದ್ದಾದರೂ ಸಿಗುತ್ತಿತ್ತು. 19ನೇ ಶತಮಾನದ ಇಂಗ್ಲೆಂಡಿನ ಜೈಲುಗಳಲ್ಲಿ ಮನುಷ್ಯರು ತುಳಿದ ಎಷ್ಟೋ ಚಕ್ರಗಳಿಂದ ಅದೂ ಸಿಗಲಿಲ್ಲ.

1818ರಲ್ಲಿ ಎಂಜಿನಿಯರ್ ವಿಲಿಯಂ ಕ್ಯೂಬಿಟ್ ರೂಪಿಸಿದ ಚಕ್ರವದು. ಉದ್ದನೆಯ ಉರುಳೆ, ಅದರ ಹೊರಮೈಗೆ ಮೆಟ್ಟಿಲು. ಕೈದಿಗಳು ಕಂಬಿ ಹಿಡಿದು ಸಾಲಾಗಿ ಹತ್ತುತ್ತಲೇ ಇರಬೇಕು. ಹತ್ತಿದಷ್ಟೂ ಮೆಟ್ಟಿಲು ಕೆಳಗೆ ಜಾರುತ್ತದೆ, ಆಸಾಮಿ ಇದ್ದಲ್ಲೇ ಇರುತ್ತಾನೆ. ಕೆಲವು ಜೈಲುಗಳಲ್ಲಿ ಇದು ಧಾನ್ಯ ಬೀಸಿತು, ನೀರೆತ್ತಿತು. ಉಳಿದೆಡೆ ಬೀಸಿದ್ದು ಬರೀ ಗಾಳಿ. ಒಂದು ಕಾಲದ ನಿಯಮದಂತೆ ದಿನದ ಏರಿಕೆ 8,640 ಅಡಿ, ಅಂದರೆ ಸುಮಾರು 2,630 ಮೀಟರ್. ಸಮುದ್ರದ ದಂಡೆಯಿಂದ ಮುಳ್ಳಯ್ಯನಗಿರಿಯ ನೆತ್ತಿಗೆ ಹೋದರೂ ಇಷ್ಟಾಗದು. 60 ಕೆಜಿ ತೂಕದವನಿಗೆ ಇದು ಸುಮಾರು 370 ಕಿಲೋಕ್ಯಾಲೊರಿಯ ಕೆಲಸ. ನಮ್ಮ ಸ್ನಾಯುಗಳು ಉರಿಸಿದ ಶಕ್ತಿಯಲ್ಲಿ ಕಾಲು ಭಾಗವನ್ನಷ್ಟೇ ಕೆಲಸಕ್ಕೆ ತಿರುಗಿಸುತ್ತವೆ, ಉಳಿದದ್ದು ಶಾಖ. ಹಾಗಾಗಿ ಆಹಾರದಿಂದ ಬರಬೇಕಾದದ್ದು ಸುಮಾರು 1,500 ಕಿಲೋಕ್ಯಾಲೊರಿ, ಅದೂ ಬರೀ ಹತ್ತುವುದಕ್ಕೆ.

ಈ ಲೆಕ್ಕ ಕಾಡಿದ್ದು ವೈದ್ಯ ಎಡ್ವರ್ಡ್ ಸ್ಮಿತ್‌ನನ್ನು. ಲಂಡನ್ನಿನ ಕೋಲ್ಡ್‌ಬಾತ್ ಫೀಲ್ಡ್ಸ್ ಜೈಲಿನಲ್ಲಿ ಮುಖಕ್ಕೆ ಉಸಿರಿನ ಮುಖವಾಡ ಕಟ್ಟಿಕೊಂಡು ತಾನೇ ಚಕ್ರ ಹತ್ತಿದ. ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಅಳೆದ. ದುಡಿಮೆ ಹೆಚ್ಚಿದಂತೆ ಅದು ಏರಿತು. ಬಳಿಕ ಕೈದಿಗಳ ಮೂತ್ರವನ್ನೂ ಪರೀಕ್ಷಿಸಿದ. ಸ್ನಾಯುವಿನ ಪ್ರೋಟೀನೇ ಉರಿದು ಬಲ ಕೊಡುತ್ತದೆ ಎಂಬುದು ಆಗಿನ ಘಟಾನುಘಟಿ ರಸಾಯನ ವಿಜ್ಞಾನಿ ಲೀಬಿಗ್‌ನ ವಾದ. ಅದು ನಿಜವಾದರೆ, ಪ್ರೋಟೀನ್ ಉರಿದಾಗ ಮೂತ್ರದಲ್ಲಿ ಹೊರಹೋಗುವ ಯೂರಿಯಾ ಚಕ್ರ ತುಳಿದ ದಿನ ಜಾಸ್ತಿಯಾಗಬೇಕಿತ್ತು. ಹೇಳಿಕೊಳ್ಳುವಷ್ಟು ಆಗಲಿಲ್ಲ. ದುಡಿಮೆಗೆ ಮುಖ್ಯ ಇಂಧನ ಪಿಷ್ಟ ಮತ್ತು ಕೊಬ್ಬು ಎಂಬ ಇಂದಿನ ತಿಳಿವಳಿಕೆಗೆ, ಕೇಳುವವರಿಲ್ಲದ ಆ ಕೈದಿಗಳ ಬೆವರಿನ ಪಾಲೂ ಇದೆ.

1898ರ ಕಾಯ್ದೆ ಇಂಗ್ಲೆಂಡಿನ ಚಕ್ರಗಳಿಗೆ ಕೊನೆ ಹಾಡಿತು. ಅಂಡಮಾನಿನ ಸೆಲ್ಯುಲಾರ್ ಜೈಲಿನಲ್ಲಿ ಮಾತ್ರ ಎತ್ತಿನ ಜಾಗದಲ್ಲಿ ಮನುಷ್ಯನನ್ನು ಹೂಡಿದ ಗಾಣ ತಿರುಗುತ್ತಿತ್ತು: ದಿನಕ್ಕೆ 30 ಪೌಂಡ್ ಕೊಬ್ಬರಿ ಎಣ್ಣೆ, ಕಡಿಮೆಯಾದರೆ ಶಿಕ್ಷೆ.

ಕಠಿಣ ಸಜೆ ನಮ್ಮ ಕಾನೂನಿನಲ್ಲಿ ಈಗಲೂ ಇದೆ. 2023ರ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ಬಿಟ್ಟಿ ದುಡಿಸುವಂತಿಲ್ಲ. ಕೈದಿಗೆ ನ್ಯಾಯಯುತ ಕೂಲಿ ಕೊಡಬೇಕು ಎಂದು 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಅದರಲ್ಲೊಂದು ಪಾಲು ಅಪರಾಧದಿಂದ ನೊಂದವರಿಗೆ ಹೋಗುವಂತೆ ಕಾನೂನು ಮಾಡಲು ಶಿಫಾರಸು ಮಾಡಿತು. ಊಟ, ಬಟ್ಟೆಯ ಖರ್ಚನ್ನು ಆ ಕೂಲಿಯಿಂದ ಮುರಿದುಕೊಳ್ಳಲು ಸರ್ಕಾರಕ್ಕೆ ಅವಕಾಶವನ್ನೂ ಕೊಟ್ಟಿತು.