ಹಗ್ಗ ಹಿಡಿದವನಿಗೆ ನಿಯಮ ಯಾವುದು? ಪಾರ್ಕು, ನಾಯಿ ಮತ್ತು ಬಾರದ ಉಪವಿಧಿ

ಬೆಳಗ್ಗೆ ಆರಕ್ಕೆ ಮುಂಚೆ ಬಳ್ಳಾರಿಯ ಗಾಂಧಿನಗರ, ಕಂಟೋನ್ಮೆಂಟ್ ಕಡೆ ಹೊರಟರೆ ಎರಡು ಕೈಯಲ್ಲಿ ಎರಡು ನಾಯಿ ಹಿಡಿದು ನಡೆಯುವ ಹುಡುಗರು ಸಿಗುತ್ತಾರೆ. ನಾಯಿ ಅವರದಲ್ಲ. ಮಾಲೀಕರು ಆಸ್ಪತ್ರೆಗೋ ಅಂಗಡಿಗೋ ಹೋಗುವ ಅವಸರದಲ್ಲಿ ಇರುತ್ತಾರೆ. ತಿಂಗಳಿಗೆ ಇಷ್ಟು ಎಂದು ಮಾತಾಡಿಕೊಂಡು ಅಡ್ಡಾಡಿಸುವ ಕೆಲಸವನ್ನು ಈ ಹುಡುಗರಿಗೆ ಒಪ್ಪಿಸಿರುತ್ತಾರೆ. ಪಾರ್ಕಿನ ಗೇಟಿಗೆ ಬಂದಾಗ ಕಾವಲುಗಾರ ತಡೆಯುತ್ತಾನೆ. ಯಾವ ನಿಯಮದ ಪ್ರಕಾರ ತಡೆದದ್ದು ಎಂಬುದು ಅವನಿಗೂ ಗೊತ್ತಿಲ್ಲ, ಹುಡುಗನಿಗೂ ಗೊತ್ತಿಲ್ಲ.

ಈ ಗೊಂದಲಕ್ಕೆ ಅರವತ್ತು ವರ್ಷ ಮೀರಿದ ಹಿನ್ನೆಲೆ ಇದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮು ಏನೇನು ಕ್ರೌರ್ಯ ಎಂದು ಪಟ್ಟಿ ಮಾಡುತ್ತದೆ. ಸದಾ ಚೈನಿನಲ್ಲೋ ಇಕ್ಕಟ್ಟಾದ ಜಾಗದಲ್ಲೋ ಇಟ್ಟಿರುವ ನಾಯಿಯನ್ನು ಮಾಲೀಕ ತಕ್ಕಷ್ಟು ಅಡ್ಡಾಡಿಸದೆ ಇರುವುದೂ ಅದರಲ್ಲಿದೆ. ಅಂದರೆ ನಾಯಿಯನ್ನು ಹೊರಗೆ ಕರೆದೊಯ್ಯುವುದು ಶೋಕಿಯಲ್ಲ, ಮಾಲೀಕನ ಮೇಲಿನ ಕಾನೂನಿನ ಹೊಣೆ. ತಪ್ಪಿದರೆ ಮೊದಲ ಸಲ 10ರಿಂದ 50 ರೂಪಾಯಿ ದಂಡ. ಅದೇ ಕಾಯ್ದೆಯ 3ನೇ ಕಲಮು ಮಾಲೀಕನ ಹೆಸರೆತ್ತದೆ, ಪ್ರಾಣಿಯ ಉಸ್ತುವಾರಿ ಯಾರ ಕೈಯಲ್ಲಿದೆಯೋ ಅವರೆಲ್ಲರ ಮೇಲೂ ಹೊಣೆ ಹೊರಿಸುತ್ತದೆ. ಇದರ ಜೊತೆಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮನ್ನು ಓದಬೇಕು. ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರಿಗೆ ಅಪಾಯ ಆಗದಂತೆ ನೋಡಿಕೊಳ್ಳದವನಿಗೆ ಆರು ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ ದಂಡ ಸಂಹಿತೆಯ 289ರಲ್ಲಿ ದಂಡದ ಮಿತಿ 1,000 ರೂಪಾಯಿ ಇತ್ತು. ಕಾಯ್ದೆ ಕೇಳುವುದು ನಾಯಿ ಯಾರ ವಶದಲ್ಲಿತ್ತು ಎಂದು. ಕಚ್ಚಿದ ಹೊತ್ತಿಗೆ ಹಗ್ಗ ಇದ್ದದ್ದು ಸಂಬಳದ ಹುಡುಗನ ಕೈಯಲ್ಲಿ.

ಇಲ್ಲಿಯೇ ಅನ್ಯಾಯ ಇದೆ. ಕಾನೂನಿಗೆ ಈ ಹುಡುಗ ಆರೋಪಿಯಾಗಿ ಗೊತ್ತು, ಕೆಲಸಗಾರನಾಗಿ ಗೊತ್ತಿಲ್ಲ.

ನಡುವೆ ಬಂದ ನಿಯಮಗಳೆಲ್ಲ ಬೇರೆಯವರನ್ನು ಕುರಿತವು. 2001ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ನಾಯಿಗಳನ್ನು ಸಾಕಿದವು, ಬೀದಿಯವು ಎಂದು ಎರಡು ಮಾಡಿ, ಸಾಕಿದ ನಾಯಿಯ ಲಸಿಕೆ, ಪರವಾನಗಿಯ ಹೊಣೆಯನ್ನು ಮಾಲೀಕರಿಗೆ ಬಿಟ್ಟವು. 2023ರಲ್ಲಿ ಬಂದ ಹೊಸ ನಿಯಮಗಳೂ ಆ ಹಾದಿ ಬಿಡಲಿಲ್ಲ. ಪಾರ್ಕಿನ ಮಾತನ್ನು ನೇರವಾಗಿ ಎತ್ತಿದ್ದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಸುತ್ತೋಲೆ. ಸಾಕುನಾಯಿಗಳಿಗೆ ಉದ್ಯಾನವನ್ನು ಪೂರ್ತಿ ಮುಚ್ಚುವುದು ಸರಿಯಲ್ಲ, ಬೇಕಿದ್ದರೆ ಸಮಯ ಗೊತ್ತುಮಾಡಿ ಎಂದು ಅದು ಹೇಳಿತು. ಗೇಟಿನಲ್ಲಿ ‘ನಾಯಿಗಳಿಗೆ ಪ್ರವೇಶವಿಲ್ಲ’ ಎಂಬ ಫಲಕ ಕಂಡರೆ, ಯಾವ ಉಪವಿಧಿಯ (ಪಾಲಿಕೆ ತನ್ನ ಊರಿಗೆ ಮಾಡಿಕೊಳ್ಳುವ ನಿಯಮದ) ಆಧಾರದ ಮೇಲೆ ಹಾಕಿದ್ದು ಎಂದು ಪಾಲಿಕೆಗೆ ಬರೆದು ಕೇಳಲು ಈ ಸುತ್ತೋಲೆ ಸಾಕು.

ಬೆಂಗಳೂರು 2018ರಲ್ಲಿ ಸಾಕುನಾಯಿ ಪರವಾನಗಿ ಉಪವಿಧಿ ತಂದಿತು. ಫ್ಲ್ಯಾಟಿಗೆ ಒಂದು ನಾಯಿ, ಸ್ವತಂತ್ರ ಮನೆಗೆ ಮೂರು, ಶುಲ್ಕ 110 ರೂಪಾಯಿ. ಜನ ಮುಗಿಬಿದ್ದು ವಿರೋಧಿಸಿದ್ದಕ್ಕೆ ಅದನ್ನು ತಡೆಹಿಡಿಯಲಾಯಿತು. 2022ರಲ್ಲಿ ಕಬ್ಬನ್ ಪಾರ್ಕಿನಲ್ಲಿ ನಾಯಿ ನಿಷೇಧದ ಪ್ರಸ್ತಾಪ ಬಂದಾಗಲೂ ಗದ್ದಲವಾಯಿತು. ದೂರುಗಳು ಮುಖ್ಯವಾಗಿ ಎರಡು: ಎತ್ತದ ಮಲ, ಬಿಚ್ಚಿಬಿಟ್ಟ ಹಗ್ಗ. ಎರಡೂ ಹಿಡಿದವನ ಅಭ್ಯಾಸಕ್ಕೆ ಸಂಬಂಧಪಟ್ಟವು. ಆದರೆ ಚರ್ಚೆ ನಡೆದದ್ದು ನಾಯಿ ಬೇಕೋ ಬೇಡವೋ ಎಂಬುದರ ಮೇಲೆ.

ಹಿಡಿದವನ ಮೇಲೆ ನಿಯಮ ಮಾಡಿದ ಊರು ಸ್ಯಾನ್ ಫ್ರಾನ್ಸಿಸ್ಕೊ. 2013ರ ಜುಲೈ 1ರಿಂದ ಅಲ್ಲಿ ಹಣ ಪಡೆದು ನಾಲ್ಕು ಅಥವಾ ಹೆಚ್ಚು ನಾಯಿ ಅಡ್ಡಾಡಿಸುವವರಿಗೆ ನಗರದ ಪರವಾನಗಿ ಕಡ್ಡಾಯ. ಒಮ್ಮೆಗೆ ಎಂಟಕ್ಕಿಂತ ಹೆಚ್ಚು ಕೂಡದು. ಟೊರಾಂಟೊದಲ್ಲಿ ಮಿತಿ ಆರು.

ಆ ಸಂಖ್ಯೆಗಳನ್ನು ನಮ್ಮ ಊರಿಗೆ ಹಾಗೇ ಎತ್ತಿ ತರಬಾರದು. ಅಲ್ಲಿನ ಬೀದಿಯಲ್ಲಿ ಗುಂಪು ಕಟ್ಟಿದ ನಾಯಿಗಳಿಲ್ಲ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಪ್ರತಿ ತಿರುವಿಗೂ ಒಂದು ಗುಂಪಿದೆ, ಅದಕ್ಕೊಂದು ಗಡಿಯಿದೆ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು, ಸಂತಾನಹರಣ ಮಾಡಿ ಲಸಿಕೆ ಹಾಕಿದ ಬೀದಿನಾಯಿಗಳನ್ನು ಹಿಡಿದ ಜಾಗದಲ್ಲೇ ಬಿಡಬೇಕು ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ಕ್ರೀಡಾ ಸಂಕೀರ್ಣಗಳಿಂದ ಅವನ್ನು ತೆಗೆಯಲು ಹೇಳಿತು. ಉಳಿದ ಬೀದಿಗಳಲ್ಲಿ ಅವು ಇರುತ್ತವೆ. ಆದ್ದರಿಂದ ಒಬ್ಬನಿಗೆ ಎರಡೇ ನಾಯಿ, ಅದೂ ಒಂದೇ ಮನೆಯವು ಅಥವಾ ಮೊದಲೇ ಪರಿಚಯವಿದ್ದವು ಎಂಬುದೇ ನಮ್ಮಲ್ಲಿ ನಡೆಯುವ ಲೆಕ್ಕ. ಮೂರನೆಯದಾದರೆ ಒಂದು ಕೈಯಲ್ಲಿ ಎರಡು ಹಗ್ಗ ಬೀಳುತ್ತವೆ. ಬೀದಿನಾಯಿ ಎದುರಾದ ಕ್ಷಣ ಅವೆರಡೂ ಸುತ್ತಿಕೊಂಡು ಕಾಲಿಗೆ ತೊಡರುತ್ತವೆ.

ಹಗ್ಗ ನಾಲ್ಕರಿಂದ ಆರು ಅಡಿಯ ಚಪ್ಪಟೆ ನೈಲಾನ್ ಪಟ್ಟಿಯದಾಗಿರಲಿ. ಗುಂಡಿ ಒತ್ತಿದರೆ ಉದ್ದವಾಗುವ ಹಗ್ಗ ಬೇಡವೇ ಬೇಡ. ಅದರ ತೆಳು ದಾರ ಕೈ ಕೊಯ್ಯುತ್ತದೆ, ನಾಯಿ ಆಟೋದ ಚಕ್ರದ ಹತ್ತಿರ ಹೋದಾಗ ಸಮಯಕ್ಕೆ ನಿಲ್ಲುವುದೂ ಇಲ್ಲ. ಹಿಡಿಯ ಕುಣಿಕೆಯನ್ನು ಮಣಿಕಟ್ಟಿಗೆ ಸುತ್ತಿಕೊಂಡರೆ ನಾಯಿ ಜಗ್ಗಿದಾಗ ಮಣಿಕಟ್ಟು ಮುರಿಯಬಹುದು. ಕುಣಿಕೆಗೆ ಹೆಬ್ಬೆರಳು ತೂರಿಸಿ, ಉಳಿದ ಹಗ್ಗವನ್ನು ಮಡಚಿ ಮುಷ್ಟಿಯಲ್ಲಿ ಹಿಡಿಯಬೇಕು. ಕೊರಳ ಬೆಲ್ಟಿನ ಒಳಗೆ ಎರಡು ಬೆರಳು ಹೋಗುವಷ್ಟೇ ಸಡಿಲವಿರಲಿ. ಅದಕ್ಕಿಂತ ಸಡಿಲವಾದರೆ ಬೆದರಿದ ನಾಯಿ ಹಿಂದಕ್ಕೆ ಸರಿದು ತಲೆ ಬಿಡಿಸಿಕೊಂಡು ಓಡುತ್ತದೆ. 

ಕಚ್ಚದಂತೆ ಮೂತಿಗೆ ಹಾಕುವ ಬಾಯಿಕುಕ್ಕೆಯ ವಿಷಯದಲ್ಲಿ ನಿಯಮ ಬರೆಯುವವರು ಎಚ್ಚರ ವಹಿಸಬೇಕು. ನಾಯಿ ಬೆವರಿನಿಂದ ತಣಿಯುವುದಿಲ್ಲ, ನಾಲಿಗೆ ಚಾಚಿ ತೇಕಿ ತಣಿಯುತ್ತದೆ. ಬಾಯಿಗೆ ಬಿಗಿಯಾಗಿ ಸುತ್ತುವ ಬಟ್ಟೆಯ ಕುಕ್ಕೆ ತೇಕಲು ಬಿಡುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ ಅದು ಜೀವ ತೆಗೆಯುವ ಸಾಧನ. ಬುಟ್ಟಿ ಆಕಾರದ, ಒಳಗೆ ಬಾಯಿ ತೆರೆದು ನೀರು ಕುಡಿಯಲು ಆಗುವ ಕುಕ್ಕೆಯೇ ಬೇಕು. ಬೇಸಿಗೆಯಲ್ಲಿ ಸಂಜೆ ಆರಕ್ಕೂ ಡಾಂಬರು ಸುಡುತ್ತಿರುತ್ತದೆ. ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳು ಎಣಿಸುವವರೆಗೆ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು. ಪಗ್‌ನಂಥ ಚಪ್ಪಟೆ ಮೂತಿಯವು ಮೊದಲು ಕುಸಿಯುತ್ತವೆ. ಮೈಯ ಉಷ್ಣಾಂಶ 41 ಡಿಗ್ರಿ ಮೀರಿದರೆ ಬಿಸಿಲಾಘಾತ. ನೆರಳಿಗೆ ತಂದು ಹೊಟ್ಟೆ, ತೊಡೆಸಂದು, ಪಾದಗಳಿಗೆ ನೀರು ಹೊಯ್ದು ಗಾಳಿ ಹಾಕುತ್ತಲೇ ಪಶು ಆಸ್ಪತ್ರೆಗೆ ಒಯ್ಯಬೇಕು.

ಬೀದಿನಾಯಿಗಳು ಎದುರಾದರೆ ಓಡಬಾರದು. ಸಾಕಿದ ನಾಯಿಯನ್ನು ಎತ್ತಿಕೊಂಡರೆ ಗುಂಪು ಎತ್ತಿಕೊಂಡವನ ಮೇಲೆ ಹಾರಬಹುದು. ನಿಂತು, ನಾಯಿಯನ್ನು ಹಿಂದಕ್ಕೆ ತಂದುಕೊಂಡು, ಗುಂಪಿನ ಕಡೆ ಬೆನ್ನು ಹಾಕದೆ ಬಂದ ದಾರಿಯಲ್ಲೇ ನಿಧಾನ ಸರಿಯಬೇಕು. ಅವುಗಳ ಗಡಿ ದಾಟುತ್ತಲೇ ಬೊಗಳು ಇಳಿಯುತ್ತದೆ.

ಮಲ ಎತ್ತುವುದು ಬರೀ ಅಂದಚಂದದ ಮಾತಲ್ಲ. ದುಂಡುಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿ, ಮಣ್ಣಾಡುವ ಮಕ್ಕಳ ಹೊಟ್ಟೆ ಸೇರುತ್ತದೆ. ಪಾರ್ವೊ ವೈರಸ್ ತಿಂಗಳುಗಟ್ಟಲೆ ಉಳಿದು ನಾಯಿಮರಿಗಳನ್ನು ಕೊಲ್ಲುತ್ತದೆ. ಕವರನ್ನು ಕೈಗವಸಿನಂತೆ ತೊಟ್ಟು, ಎತ್ತಿ, ಒಳಮೈ ಹೊರಗೆ ತಿರುಗಿಸಿ ಗಂಟು ಹಾಕಿದರೆ ಕೈಗೆ ಅಂಟದು. ಅದನ್ನು ಪಾರ್ಕಿನ ಪೊದೆಗೆ ಎಸೆದರೆ ಎತ್ತಿಯೂ ವ್ಯರ್ಥ.

ಪಾಲಿಕೆ ಉಪವಿಧಿ ತರಬೇಕಾದರೆ ಕರಡು ಪ್ರಕಟಿಸಿ, ಆಕ್ಷೇಪಣೆ ಕೇಳಿ, ಸರ್ಕಾರದ ಒಪ್ಪಿಗೆ ಪಡೆಯಬೇಕು, ತಡವಾಗುತ್ತದೆ. ಅಲ್ಲಿಯವರೆಗೆ ಮಾಲೀಕರು ಮತ್ತು ಹುಡುಗನ ನಡುವೆ ಒಂದು ಹಾಳೆ ಬರೆದಿಟ್ಟುಕೊಳ್ಳಲಿ. ನಾಯಿಯ ರೇಬೀಸ್ ಲಸಿಕೆ ಹಾಕಿದ ದಿನ, ಹಿಂದೆ ಕಚ್ಚಿದ್ದರೆ ಅದರ ವಿವರ, ಪಶುವೈದ್ಯರ ಫೋನ್, ನಡೆಯುವ ದಾರಿ, ಯಾರಿಗಾದರೂ ಕಚ್ಚಿದರೆ ಖರ್ಚು ಮಾಲೀಕರದು ಎಂಬ ಸಾಲು, ಇಬ್ಬರ ಸಹಿ. ಹುಡುಗನಿಗೆ ಮುಂಜಾಗ್ರತೆಯ ರೇಬೀಸ್ ಲಸಿಕೆಯನ್ನು 0, 7 ಮತ್ತು 21 ಅಥವಾ 28ನೇ ದಿನ ಮಾಲೀಕರೇ ಹಾಕಿಸಲಿ. ಅದು ಆಗಿದ್ದರೂ ಕಚ್ಚಿದ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಲೇಬೇಕು, ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು. ಸುಣ್ಣ, ಖಾರದಪುಡಿ ಹಚ್ಚಬಾರದು.