‘ಬಿಲಾಕ್ಸಿ ಬ್ಲೂಸ್’ ನಿಜವಾಗಿ ನಡೆದ ಕಥೆಯಾ?

ಓದುಗರ ಪ್ರಶ್ನೆ: ‘ಬಿಲಾಕ್ಸಿ ಬ್ಲೂಸ್’ ಸಿನಿಮಾ ನೋಡಿ ತುಂಬಾ ನಕ್ಕೆ. ಇದು ಬರೆದವರ ಸ್ವಂತ ಕಥೆ ಅಂತಾರೆ. ಹೌದಾ?

ಅರ್ಧ ಹೌದು. ಕಥೆ ಬರೆದ ನೀಲ್ ಸೈಮನ್ ನ್ಯೂಯಾರ್ಕಿನ ಯಹೂದಿ ಹುಡುಗ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದ ಸೇನೆ ಸೇರಿದರು. ಮಿಸಿಸಿಪ್ಪಿಯ ಬಿಲಾಕ್ಸಿಯಲ್ಲಿ ತರಬೇತಿ ಪಡೆದರು. ಆಮೇಲೆ ಕೊಲೊರಾಡೊದ ಸೇನಾ ನೆಲೆಯಲ್ಲಿದ್ದಾಗ ಅಲ್ಲಿನ ಪತ್ರಿಕೆಗೆ ಕ್ರೀಡಾ ಸುದ್ದಿ ಬರೆಯುತ್ತಿದ್ದರು. ಸಿನಿಮಾದಲ್ಲಿ ಮ್ಯಾಥ್ಯೂ ಬ್ರಾಡರಿಕ್ ಮಾಡಿರುವ ಯೂಜೀನ್ ಕೂಡ ಇಂಥವನೇ. ಬರಹಗಾರನಾಗಬೇಕು ಅನ್ನುವ ಹುಚ್ಚು, ಕೈಯಲ್ಲಿ ಸದಾ ಡೈರಿ.

ಉಳಿದರ್ಧ ಕಟ್ಟಿದ ಕಥೆ. ಇದಕ್ಕೆ ಒಳ್ಳೆ ಸಾಕ್ಷಿ ಅವರದೇ ನಾಟಕ. 1988ರ ಈ ಸಿನಿಮಾಕ್ಕೆ ಮೂಲ, 1985ರಲ್ಲಿ ಬ್ರಾಡ್‌ವೇಗೆ (ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳಿಗೆ) ಬಂದ ಅದೇ ಹೆಸರಿನ ನಾಟಕ. ಅದು ನಡೆಯುವುದು 1943ರಲ್ಲಿ. ಸೈಮನ್ ಹುಟ್ಟಿದ್ದು 1927ರಲ್ಲಿ. ಅಂದರೆ ಆಗ ಅವರಿಗೆ ಬರೀ 16! ನಾಟಕದ ಹುಡುಗರು ತರಬೇತಿ ಮುಗಿಸಿ ಯುದ್ಧಕ್ಕೆ ಹೋಗುತ್ತಾರೆ, ಒಬ್ಬ ಕಾಲು ಕಳೆದುಕೊಳ್ಳುತ್ತಾನೆ, ಒಬ್ಬ ನಾಪತ್ತೆಯಾಗುತ್ತಾನೆ. ಸಿನಿಮಾ ನಡೆಯುವುದು 1945ರಲ್ಲಿ. ಹುಡುಗರು ಹೊರಡುವ ಮೊದಲೇ ಯುದ್ಧ ಮುಗಿದುಹೋಗುತ್ತದೆ. ಎರಡನ್ನೂ ಬರೆದದ್ದು ಸೈಮನ್ ಅವರೇ. ನಡೆದದ್ದನ್ನು ನಡೆದ ಹಾಗೇ ಬರೆದಿದ್ದರೆ ಕೊನೆ ಎರಡು ಥರ ಇರುತ್ತಿರಲಿಲ್ಲ, ಅಲ್ವಾ?

ಆದರೂ ಇದು ಸುಳ್ಳು ಅನಿಸುವುದಿಲ್ಲ. ಬ್ಯಾರಕ್ಕಿನ ಬದುಕು ಅಷ್ಟು ಗಟ್ಟಿಯಾಗಿದೆ. ಒಬ್ಬ ಬಾಯಿಬಿಟ್ಟರೆ ಇನ್ನೊಬ್ಬರಿಗೆ ಪುಷ್‌ಅಪ್ ಶಿಕ್ಷೆ. ತರಬೇತಿ ಕೊಡುವ ಸಾರ್ಜೆಂಟ್ ಟೂಮಿಯಾಗಿ ಕ್ರಿಸ್ಟೋಫರ್ ವಾಕನ್ ದನಿ ಏರಿಸದೆಯೇ ಹೆದರಿಸುತ್ತಾರೆ. ಒಂದು ರಾತ್ರಿ ಹುಡುಗರು ತಲಾ ಐದು ಡಾಲರ್ ಕಟ್ಟಿ ಆಟಕ್ಕೆ ಕೂರುತ್ತಾರೆ: ಸಾಯುವ ಮುಂಚೆ ಕೆಲವೇ ದಿನ ಉಳಿದಿದ್ದರೆ ಏನು ಮಾಡ್ತೀಯ? ಕೆಲವರ ಬಾಯಲ್ಲಿ ಹುಡುಗಿಯರು, ದುಡ್ಡು. ಯೂಜೀನನ ಜೊತೆಗಾರ ಎಪ್‌ಸ್ಟೈನ್ ಮಾತ್ರ, ಟೂಮಿ ಕೈಲಿ ಎಲ್ಲರೆದುರು 200 ಪುಷ್‌ಅಪ್ ತೆಗೆಸಬೇಕು ಅನ್ನುತ್ತಾನೆ. ಗೆಲ್ಲುವುದು ಅವನೇ.

ನನ್ನ ಪ್ರಕಾರ ಸೈಮನ್ ತಮ್ಮನ್ನೇ ಹೆಚ್ಚು ತೆರೆದಿಟ್ಟಿರುವುದು ಡೈರಿಯ ದೃಶ್ಯದಲ್ಲಿ. ಹುಡುಗರ ಕೈಗೆ ಯೂಜೀನನ ಡೈರಿ ಸಿಗುತ್ತದೆ, ಗಟ್ಟಿಯಾಗಿ ಓದುತ್ತಾರೆ. ಎಪ್‌ಸ್ಟೈನ್ ಸಲಿಂಗಿ ಇರಬಹುದು ಅಂತ ಅದರಲ್ಲಿ ಬರೆದಿದೆ. ಯೂಜೀನನಿಗದು ಸುಮ್ನೆ ಒಂದು ಊಹೆ. ಆದರೆ ಕಾಗದದ ಮೇಲೆ ಬಂದದ್ದೇ ತಡ, ಎಲ್ಲರೂ ನಂಬಿಬಿಡುತ್ತಾರೆ. ಆಗಿನ ಸೇನೆಯಲ್ಲಿ ಅದು ಜೈಲಿಗೆ ಹೋಗುವಂಥ ಅಪರಾಧ. ಯೂಜೀನ್ ಹಾಳೆ ಹರಿಯಲು ಹೋದರೆ ಬೇಡ ಅನ್ನುವವನು ಎಪ್‌ಸ್ಟೈನೇ. ಅನಿಸಿದ್ದನ್ನು ಅಳಿಸುತ್ತಾ ಹೋದರೆ ನೀನು ಸಾಧಾರಣ ಬರಹಗಾರನಾಗಿಯೇ ಉಳಿಯುತ್ತೀಯ ಅನ್ನುವುದು ಅವನ ವಾದ. ಮುಂದೆ ಅದೇ ಅಪರಾಧಕ್ಕೆ ಮಿಲಿಟರಿ ಪೊಲೀಸರು ಹಿಡಿದೊಯ್ಯುವುದು, ಯಾರೂ ಅನುಮಾನಪಡದ ಇನ್ನೊಬ್ಬ ಹುಡುಗ ಹೆನೆಸಿಯನ್ನು.